ಆರು ವೋಲ್ಟಿನ ಮಾತು

ಶಿವಮೊಗ್ಗ
9-7-2001

ತನುಜಾ,

ಮಾವ ಷಣ್ಮುಖಪ್ಪನ ಆಶೀರ್ವಾದ. ಬಸ್ ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುವ ಭದ್ರಾವತಿಗೆ ಈ ಮನುಷ್ಯ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಗಂಟಲಿನ ಗಂಟು ತೆಗೆಯುವಾಗ ಬೆಂಗಳೂರಿನ ಡಾಕ್ಟರು ನನ್ನ ಧ್ವನಿಪೆಟ್ಟಿಗೆಯನ್ನೂ ತೆಗೆದದ್ದು ನಿನಗೆ ಗೊತ್ತು. ಜೀವ ಉಳಿಯಿತು, ದನಿ ಹೋಯಿತು. ಬದಲಿಗೆ ಟಾರ್ಚಿನಂಥ ಒಂದು ಯಂತ್ರ ಕೊಟ್ಟರು. ಕುತ್ತಿಗೆಗೆ ಒತ್ತಿ ಗುಂಡಿ ಅದುಮಿದರೆ ಅದು ಗುಂಯ್ ಎನ್ನುತ್ತದೆ. ನಾನು ಬಾಯಿ ಆಡಿಸಿದರೆ ಆ ಗುಂಯ್ ಮಾತಾಗುತ್ತದೆ.

ಈಗ ಅದರ ಬ್ಯಾಟರಿ ಕೆಟ್ಟಿದೆ. ರಾತ್ರಿಯೆಲ್ಲ ಚಾರ್ಜು ಮಾಡಿದರೂ ಬೆಳಿಗ್ಗೆ ಎರಡು ಸೀರೆ ಬಿಚ್ಚಿ ತೋರಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಹೊರದೇಶದ ಮಾಲು, ಆ ಬ್ಯಾಟರಿ ಇಲ್ಲೆಲ್ಲೂ ಸಿಗುವುದಿಲ್ಲವಂತೆ. ನೀನು ಶಂಕರಘಟ್ಟದ ಲ್ಯಾಬಿನಲ್ಲಿ ಕೆಟ್ಟ ಯಂತ್ರಗಳನ್ನೆಲ್ಲ ಬದುಕಿಸುತ್ತೀ ಎಂದು ನಿನ್ನಮ್ಮ ಊರಿಗೆಲ್ಲ ಹೇಳಿಕೊಂಡು ಬರುತ್ತಾಳೆ. ನಮ್ಮಕ್ಕ ಸುಳ್ಳು ಹೇಳುವವಳಲ್ಲ. ಏನಾದರೂ ಮಾಡು.

ಆತುರ ಯಾಕೆಂದರೆ, ದೀಪಾವಳಿ ಕಳೆದ ಮೇಲೆ ಹೊಳಲೂರಿನ ಪುಟ್ಟಯ್ಯನವರ ಮಗಳು ಸುಮನಾಳ ಮದುವೆ. ಆ ಮನೆಯ ಮದುವೆ ಜವಳಿ ಮೂರು ತಲೆಮಾರಿನಿಂದ ನಮ್ಮ ಅಂಗಡಿಯಲ್ಲೇ. ಮನೆಮಂದಿಯೆಲ್ಲ ಬಂದು ಗಾದಿಯ ಮುಂದೆ ಕೂತರೆ ಧಾರೆ ಸೀರೆಯಿಂದ ಹಿಡಿದು ಬೀಗರ ಪಂಚೆಯವರೆಗೆ ಆರಿಸಿಕೊಟ್ಟವನು ನಾನು. ಈ ಸಲ ತಾನೇ ಕೂರುತ್ತೇನೆಂದು ಶಿವರಾಜ ಹೇಳುತ್ತಿದ್ದಾನೆ. ‘ಅಣ್ಣ, ನೀನು ಮೇಲೆ ಗೋಡೌನಲ್ಲಿ ಆರಾಮಾಗಿರು’ ಅನ್ನುತ್ತಾನೆ. ತಮ್ಮ ಕೆಟ್ಟವನಲ್ಲ. ಆದರೆ ಆ ಜವಳಿ ಅವನ ಕೈಗೆ ಹೋದರೆ ಗಾದಿಯೂ ಅವನದೇ. ಆಮೇಲೆ ನಾನು ಗೋಡೌನಿನ ಮೆಟ್ಟಿಲಿಳಿಯುವುದಿಲ್ಲ, ಅದು ನನಗೆ ಖಂಡಿತ ಗೊತ್ತು.

ಯಂತ್ರವನ್ನು ಕಳಿಸಲಾರೆ, ಕಳಿಸಿದರೆ ಪೂರಾ ಮೂಕ. ಅದರ ಬೆನ್ನ ಮೇಲೆ ಆರು ವೋಲ್ಟ್ ಎಂದು ಬರೆದಿದೆ. ಕೆಳಗೆ ಇನ್ನೇನೋ ಅಂಕೆಗಳಿವೆ, ಬೇರೆ ಚೀಟಿಯಲ್ಲಿ ಇಳಿಸಿದ್ದೇನೆ. ನೀನು ಸದ್ಯ ಬರಬೇಡ. ನನ್ನ ಹೊಸ ದನಿ ನೀನಿನ್ನೂ ಕೇಳಿಲ್ಲ, ಸರಿಯಾದ ಮೇಲೆಯೇ ಕೇಳು.

ನಿನ್ನ ಮಾವ


ಭದ್ರಾವತಿ
18 ಜುಲೈ 2001

ಮಾವನಿಗೆ ನಮಸ್ಕಾರ.

ಕಂಡಕ್ಟರ್ ಚೌಡಯ್ಯನವರ ಕೈಯಲ್ಲಿ ಒಂದು ಚೀಲ ಕಳಿಸಿದ್ದೇನೆ. ಅದರಲ್ಲಿರುವ ಬ್ಯಾಟರಿ ಹನ್ನೆರಡು ವೋಲ್ಟಿನದು, ಎಮರ್ಜೆನ್ಸಿ ದೀಪದ್ದು, ಯಾವ ಅಂಗಡಿಯಲ್ಲೂ ಸಿಗುತ್ತದೆ. ನಿಮ್ಮ ಯಂತ್ರಕ್ಕೆ ಆರೇ ಸಾಕಲ್ಲ, ಅದಕ್ಕೆ ನಡುವೆ ವೋಲ್ಟೇಜು ಇಳಿಸುವ ಒಂದು ಡಬ್ಬಿ ಇಟ್ಟಿದ್ದೇನೆ. ಹಳೆಯ ಬ್ಯಾಟರಿ ತೆಗೆದು ಆ ಜಾಗಕ್ಕೆ ಎರಡು ವೈರು ಸಿಕ್ಕಿಸಿ. ಕೆಂಪು ಕೆಂಪಿಗೆ. ಅದಲು ಬದಲು ಮಾಡಿದಿರೋ, ನಿಮ್ಮನ್ನು ನಾನಂತೂ ಕ್ಷಮಿಸುವುದಿಲ್ಲ.

ಶಿವರಾಜ ಮಾವನಿಗೆ ಹೇಳಿ, ಗಾದಿ ಖಾಲಿಯಿಲ್ಲ ಎಂದು.

ತನುಜಾ


ಶಿವಮೊಗ್ಗ
2-8-2001

ತನುಜಾ,

ಮಾರಾಯ್ತಿ, ನೀನು ಕಳಿಸಿದ್ದು ಡಬ್ಬಿಯೋ ಇಸ್ತ್ರಿ ಪೆಟ್ಟಿಗೆಯೋ? ಶ್ರಾವಣದ ಗಿರಾಕಿಗಳ ಮುಂದೆ ಕೂತು ಬಾಯಿ ತುಂಬ ಮಾತಾಡಿದೆ. ಎಷ್ಟು ತಿಂಗಳ ಮಾತು ಒಳಗೆ ಕೂತಿತ್ತೋ, ಎಲ್ಲ ಬಂತು. ಸೊಂಟದ ಹತ್ತಿರ ಏನೋ ಸುಡುತ್ತಿದೆ ಅನ್ನಿಸಿದರೂ ಬಿಡಲಿಲ್ಲ. ಮಾತು ಮುಗಿಸಿ ಅಂಗಿ ಎತ್ತಿ ನೋಡಿದರೆ ಚರ್ಮ ಕೆಂಪಗಾಗಿದೆ. ನಿನ್ನತ್ತೆ ಬೆಣ್ಣೆ ಹಚ್ಚಿ ನಿನಗೂ ನನಗೂ ಸೇರಿಸಿ ಬೈದಳು. ಬ್ಯಾಟರಿಯೂ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು.

ಆದರೂ ಹೇಳುತ್ತೇನೆ ಕೇಳು. ಒಬ್ಬಾಕೆ ನೀಲಿ ಸೀರೆ ಬೇಡ ಎಂದು ಎದ್ದು ಹೊರಟಿದ್ದಳು. ನಾನು ಮಾತಾಡಿ ಅವಳನ್ನು ಮತ್ತೆ ಕೂರಿಸಿದೆ. ಶಿವರಾಜ ನೋಡುತ್ತ ನಿಂತಿದ್ದ. ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲು ಬರುವುದಿಲ್ಲ. ಈ ಸುಡುವುದೊಂದನ್ನು ನಿಲ್ಲಿಸು.

ಮಾವ


ಭದ್ರಾವತಿ
16 ಆಗಸ್ಟ್ 2001

ಮಾವ,

ತಪ್ಪಾಯಿತು. ಸುಟ್ಟ ಜಾಗಕ್ಕೆ ಗಾಳಿ ತಾಗಲಿ, ಮುಚ್ಚಿಡಬೇಡಿ.

ಮೊದಲ ಡಬ್ಬಿಯಲ್ಲಿದ್ದದ್ದು ಮೂರು ಕಾಲಿನ ಸಣ್ಣ ರೆಗ್ಯುಲೇಟರ್. ಅದರ ಬುದ್ಧಿ ಏನೆಂದರೆ, ಹನ್ನೆರಡರಲ್ಲಿ ನಿಮಗೆ ಆರು ಕೊಟ್ಟು ಉಳಿದ ಆರನ್ನು ಶಾಖ ಮಾಡಿ ಕಳೆಯುತ್ತದೆ. ಗಿರಾಕಿ ಅರ್ಧ ತಾನು ಬಟ್ಟೆ ಕೇಳಿದರೆ ಉಳಿದರ್ಧವನ್ನು ನೀವು ಒಲೆಗೆ ಹಾಕಿದ ಹಾಗೆ. ಈಗ ಕಳಿಸಿರುವುದು ಬೇರೆ ಜಾತಿಯದು. ಇದು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಬಿಟ್ಟು ಹಿಡಿಯುತ್ತದೆ. ಬಿಟ್ಟದ್ದನ್ನು ಒಂದು ತಂತಿಯ ಸುರುಳಿ ತನ್ನಲ್ಲಿ ಇಟ್ಟುಕೊಂಡು ಸಮವಾಗಿ ಹಂಚುತ್ತದೆ. ಸುಡುವ ಮಾತೇ ಇಲ್ಲ. ಸುರುಳಿ, ಟ್ರಾನ್ಸಿಸ್ಟರು ಎರಡೂ ಒಂದು ಸತ್ತ ಟೀವಿಯವು. ತಂತಿ ನಾನೇ ಸುತ್ತಿದೆ, ಬೆರಳು ಇನ್ನೂ ನೋಯುತ್ತಿದೆ.

ನಿಮ್ಮ ಯಂತ್ರದ ಬದಲಿಗೆ ಒಂದು ಬಲ್ಬು ಕಟ್ಟಿ, ಒಂದು ಗಳಿಗೆ ಉರಿಸಿ ಅಳೆದಿದ್ದೇನೆ. ಒಳಗೆ ಹೋದದ್ದರಲ್ಲಿ ನೂರಕ್ಕೆ ಎಂಬತ್ತರ ಮೇಲೆ ಹೊರಗೆ ಬರುತ್ತದೆ. ನಮ್ಮ ಲ್ಯಾಬಿನ ಮೇಷ್ಟ್ರೂ ಬೆನ್ನು ತಟ್ಟಿದರು. ಗೌರಿ ಹಬ್ಬದ ವ್ಯಾಪಾರಕ್ಕೆ ಸರಿಯಾಗಿ ಕೈಸೇರುತ್ತದೆ. ಮಾತಾಡಿ ಮಾವ, ಬೇಕಾದಷ್ಟು.

ತನುಜಾ


ಶಿವಮೊಗ್ಗ
27-8-2001

ತನುಜಾ,

ಭಲೇ. ಡಬ್ಬಿ ತಣ್ಣಗಿದೆ. ಹಬ್ಬದ ಹಿಂದಿನ ದಿನ ಗಾದಿಯ ಮೇಲೆ ಕೂತವನು ಏಳಲೇ ಇಲ್ಲ. ಶಿವರಾಜ ‘ಅಣ್ಣ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ನೀನೇ ಕೂರೋ ಹಾಗಿದೀಯ’ ಎಂದ. ಹೊಟ್ಟೆಕಿಚ್ಚಿನಿಂದ ಹೇಳಿದನೋ ಪ್ರೀತಿಯಿಂದ ಹೇಳಿದನೋ ತಿಳಿಯಲಿಲ್ಲ.

ಈ ಗುರುವಾರ ನಿನಗೊಂದು ಆಶ್ಚರ್ಯ ಕಾದಿದೆ. ಆವತ್ತು ಲ್ಯಾಬಿನಲ್ಲಿಯೇ ಇರು, ಎಲ್ಲೂ ಹೋಗಬೇಡ. ಹೆಚ್ಚು ಬರೆಯುವುದಿಲ್ಲ.

ಮಾವ


ಭದ್ರಾವತಿ
1 ಸೆಪ್ಟೆಂಬರ್ 2001

ಮಾವ,

ಎಲ್ಲಿ ನಿಮ್ಮ ಆಶ್ಚರ್ಯ? ಗುರುವಾರ ಊಟಕ್ಕೂ ಹೋಗದೆ ಕಾದೆ. ನೀವು ಯಾರ ಕೈಯಲ್ಲಾದರೂ ಸೀರೆ ಕಳಿಸುತ್ತೀರಿ ಎಂದು ಆಸೆಯಿಂದ ಬಾಗಿಲು ನೋಡಿದ್ದೇ ಬಂತು.

ಅದರ ಮೇಲೆ ಆವತ್ತು ಲ್ಯಾಬಿನ ಫೋನಿನ ಕಾಟ. ಎತ್ತಿದರೆ ಬರೀ ಗೊರ್ ಎಂಬ ಸದ್ದು. ಯಾವುದೋ ಆಫೀಸಿನ ಫ್ಯಾಕ್ಸು ತಪ್ಪಿ ನಮಗೆ ಬರುತ್ತಿದೆ ಎಂದುಕೊಂಡು ಇಟ್ಟೆ. ಮತ್ತೆ ಬಂತು, ಮತ್ತೆ ಇಟ್ಟೆ. ಮೂರನೆಯ ಸಲ ತಲೆ ಕೆಟ್ಟು ‘ಯಾರ್ರೀ ಅದು, ಮಾಡಕ್ಕೆ ಬೇರೆ ಕೆಲ್ಸ ಇಲ್ವಾ’ ಎಂದು ಬೈದು ರಿಸೀವರನ್ನು ಮೇಜಿನ ಮೇಲೆ ಮಲಗಿಸಿಬಿಟ್ಟೆ. ಹಸಿದಿದ್ದೆ, ಅದಕ್ಕೇ ಅಷ್ಟು ಸಿಟ್ಟು.

ಆಶ್ಚರ್ಯ ಏನೆಂದು ಈಗಲಾದರೂ ಹೇಳಿ.

ತನುಜಾ


ಶಿವಮೊಗ್ಗ
20-9-2001

ತನುಜಾ,

ಕಾಗದ ತಲುಪಿತು. ಆಶ್ಚರ್ಯ ಏನೂ ಇರಲಿಲ್ಲ, ಸುಮ್ಮನೆ ತಮಾಷೆಗೆ ಬರೆದಿದ್ದೆ.

ಡಬ್ಬಿ ಚೆನ್ನಾಗಿದೆ. ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ, ಬೆಳಗಿನಿಂದ ಸಂಜೆಯವರೆಗೆ ಮಾತೇ ಮಾತು. ದೀಪ ಹಚ್ಚುವ ಹೊತ್ತಿಗೆ ಬ್ಯಾಟರಿ ಮುಗಿಯುತ್ತದೆ. ಮುಗಿದರೂ ತೊಂದರೆಯಿಲ್ಲ. ನೀನು ಇದಕ್ಕೆ ಇನ್ನು ತಲೆ ಕೆಡಿಸಿಕೊಳ್ಳಬೇಡ.

ಮಾವ


ಭದ್ರಾವತಿ
24 ಸೆಪ್ಟೆಂಬರ್ 2001

ಮಾವ,

ನಿನ್ನೆ ಭಾನುವಾರ ನಿಮ್ಮ ಮಾತು ಮೀರಿ ಮನೆಗೆ ಬಂದಿದ್ದೆ. ನೀವು ಯಾರೋ ನೆಂಟರಿಗೆ ಆನೆ ತೋರಿಸಲು ಸಕ್ರೆಬೈಲಿಗೆ ಹೋಗಿದ್ದೀರಿ ಎಂದು ಅತ್ತೆ ಹೇಳಿದರು. ನಿಮ್ಮ ಚಪ್ಪಲಿ ಬಾಗಿಲಲ್ಲೇ ಇತ್ತು. ಹೊಸದು ಕೊಂಡಿದ್ದೀರಾ? ಅತ್ತೆ ಕೊಟ್ಟ ಕಾಫಿ ಕುಡಿದು ಹೊರಟೆ.

ಬ್ಯಾಟರಿ ವಿಷಯ. ನನ್ನ ಲೆಕ್ಕದ ಪ್ರಕಾರ ನೀವು ಎಷ್ಟೇ ಹರಟಿದರೂ ಅದು ರಾತ್ರಿ ಊಟದವರೆಗೆ ಬರಬೇಕು. ಸಂಜೆಗೇ ಮುಗಿಯುತ್ತದೆ ಎಂದರೆ ನೀವು ನಡುವೆ ನೀರು ಕುಡಿಯಲೂ ನಿಲ್ಲಿಸುತ್ತಿಲ್ಲ ಎಂದರ್ಥ. ಪಾಪ ಗಿರಾಕಿಗಳು. ಜವಳಿಗೆ ಬರುವ ಪುಟ್ಟಯ್ಯನವರು ಕಿವಿಗೆ ಹತ್ತಿ ಇಟ್ಟುಕೊಂಡು ಬರಲಿ. ದಿನವೂ ಯಾವ ಹೊತ್ತಿಗೆ ಮುಗಿಯುತ್ತದೆ, ಗಿರಾಕಿ ಹೆಚ್ಚಿದ್ದ ದಿನ ಬೇಗ ಮುಗಿಯುತ್ತದೆಯೇ, ನೋಡಿ ಬರೆಯಿರಿ.

ತನುಜಾ


ಶಿವಮೊಗ್ಗ
3-10-2001

ತನುಜಾ,

ಕೇಳಿದ್ದೀಯೆಂದು ಬರೆಯುತ್ತೇನೆ. ದಿನವೂ ದೀಪ ಹಚ್ಚುವ ಹೊತ್ತಿಗೇ ಮುಗಿಯುತ್ತದೆ. ಹೆಚ್ಚಿಲ್ಲ ಕಡಿಮೆಯಿಲ್ಲ. ಅಂಗಡಿಗೆ ರಜೆಯಿದ್ದ ದಿನವೂ ಅಷ್ಟೇ.

ಪುಟ್ಟಯ್ಯನವರ ಜವಳಿಗೆ ಶಿವರಾಜ ಕೂರಲಿ ಎಂದು ಹೇಳಿಬಿಟ್ಟೆ. ಹೊಸ ಕಾಲದ ಹುಡುಗಿಗೆ ಹೊಸ ಕಾಲದವನೇ ಸೀರೆ ಆರಿಸುವುದು ಸರಿ. ಗೋಡೌನಿನಲ್ಲೂ ಕೆಲಸ ಬಹಳ ಬಿದ್ದಿದೆ. ಚಪ್ಪಲಿ ಹೊಸದು ಕೊಂಡಿದ್ದೇನೆ.

ಮಾವ


ಭದ್ರಾವತಿ
8 ಅಕ್ಟೋಬರ್ 2001

ಮಾವ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳುತ್ತ, ಮಾವನಿಗೆ ಮಾತಾಡಿ ಮಾತಾಡಿ ಸುಸ್ತಾಗಿದೆ ಎಂದು ನಗುತ್ತಿದ್ದೆ. ಅಮ್ಮ ನಗಲಿಲ್ಲ. ‘ಈಗ ಅಧಿಕ ಮಾಸ ಕಣೇ. ಅಧಿಕದಲ್ಲಿ ಯಾರು ಬಟ್ಟೆ ತಗೋತಾರೆ? ಅಂಗಡೀಲಿ ನೊಣ ಹೊಡೀತಾ ಕೂತಿರ್ತಾರೆ’ ಎಂದಳು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ.

ಆಮೇಲೆ ಕೂತು ಯೋಚಿಸಿದೆ. ಗಿರಾಕಿ ಇದ್ದ ದಿನಕ್ಕೂ ಇಲ್ಲದ ದಿನಕ್ಕೂ ಬ್ಯಾಟರಿ ಒಂದೇ ಹೊತ್ತಿಗೆ ಮುಗಿಯಲು ಹೇಗೆ ಸಾಧ್ಯ? ಲ್ಯಾಬಿನಲ್ಲಿ ಅಂಥದೇ ಇನ್ನೊಂದು ಡಬ್ಬಿ ಮಾಡಿ ಅದಕ್ಕೆ ಏನನ್ನೂ ಜೋಡಿಸದೆ ಬೆಳಿಗ್ಗೆ ಬ್ಯಾಟರಿ ಹಾಕಿಟ್ಟೆ. ಬಲ್ಬಿಲ್ಲ, ಯಂತ್ರವಿಲ್ಲ, ಬರೀ ಡಬ್ಬಿ. ದೀಪ ಹಚ್ಚುವ ಹೊತ್ತಿಗೆ ಬ್ಯಾಟರಿ ಖಾಲಿಯಾಗಿತ್ತು.

ಟೀವಿಯ ದೊಡ್ಡ ಟ್ರಾನ್ಸಿಸ್ಟರು, ಅದು ಸುಮ್ಮನೆ ಎಚ್ಚರವಾಗಿರಲೂ ಕರೆಂಟು ತಿನ್ನುತ್ತದೆ. ನೀವು ಮಾತಾಡಿದರೂ ತಿನ್ನುತ್ತದೆ, ಬಾಯಿ ಮುಚ್ಚಿಕೊಂಡಿದ್ದರೂ ತಿನ್ನುತ್ತದೆ. ನಾನು ಉರಿಯುವ ಬಲ್ಬು ಇಟ್ಟು ಅಳೆದೆನೇ ಹೊರತು ಆರಿದ ಬಲ್ಬು ಇಟ್ಟು ಅಳೆಯಲೇ ಇಲ್ಲ. ಯಾಕೆ ಗೊತ್ತಾ ಮಾವ? ನನಗೆ ಗೊತ್ತಿದ್ದ ಷಣ್ಮುಖಪ್ಪ ಮಾವ ಸುಮ್ಮನೆ ಕೂರುವವರೇ ಅಲ್ಲ. ಬಸ್ಸಿನಲ್ಲಿ ಪಕ್ಕದವರ ಹತ್ತಿರ, ಊಟಕ್ಕೆ ಕೂತರೆ ಬಡಿಸುವವರ ಹತ್ತಿರ, ಯಾರೂ ಇಲ್ಲದಿದ್ದರೆ ಸೀರೆಯ ಹತ್ತಿರ ಮಾತಾಡುವವರು. ಅವರಿಗಾಗಿ ಮಾಡಿದ ಡಬ್ಬಿ ಅದು. ನೀವು ದಿನಗಟ್ಟಲೆ ಒಂದು ಮಾತೂ ಆಡುತ್ತಿಲ್ಲ ಎಂದು ಈಗ ಬ್ಯಾಟರಿ ಹೇಳುತ್ತಿದೆ.

ಯಾವಾಗಿನಿಂದ ನಿಂತಿತು ಎಂದು ಹಳೆಯ ಕಾಗದಗಳನ್ನು ನೋಡಿದೆ. ಆಶ್ಚರ್ಯ ಕಾದಿದೆ ಎಂದಿರಲ್ಲ, ಆ ಗುರುವಾರದಿಂದ. ಆ ಫೋನು ನಿಮ್ಮದು.

ಮೂರು ಸಲ ಮಾಡಿದಿರಿ. ಮೂರು ಸಲವೂ ನಾನೇ ಇಟ್ಟೆ. ಬೈದೆ ಬೇರೆ. ಎರಡು ದಿನದಿಂದ ನನಗೆ ಅನ್ನ ಇಳಿಯುತ್ತಿಲ್ಲ. ಬೇರೆ ಯಾರಾದರೂ ಆ ದನಿ ಗುರುತಿಸದಿದ್ದರೆ ಅವರ ತಪ್ಪಲ್ಲ. ನಾನು, ಆ ದನಿಗೆ ಕರೆಂಟು ಕೊಟ್ಟವಳು, ಗುರುತಿಸಲಿಲ್ಲ. ಬೈಯುವುದಾದರೆ ನನ್ನನ್ನು ಬೈಯಿರಿ. ಗಾದಿ ಮಾತ್ರ ಬಿಡಬೇಡಿ ಮಾವ, ಕೈಮುಗಿದು ಕೇಳುತ್ತೇನೆ.

ತನುಜಾ


ಶಿವಮೊಗ್ಗ
22-10-2001

ತನುಜಾ,

ಬಹಳ ದಿನ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೆ.

ಹೌದು, ನಾನೇ. ಫೋನಿನಲ್ಲಿ ‘ತನುಜಾ, ನಾನು ಮಾವ’ ಎಂದೆ. ಮೂರು ಸಲವೂ ಅಷ್ಟೇ ಹೇಳಿದ್ದು. ಮೊದಲೆರಡು ಸಲ ಲೈನ್ ಕೆಟ್ಟಿದೆ ಎಂದುಕೊಂಡೆ. ಮೂರನೆಯ ಸಲ ನಿನ್ನ ದನಿ ಸ್ಪಷ್ಟವಾಗಿ ಕೇಳಿತು, ನನ್ನದು ಮಾತ್ರ ನಿನಗೆ ಕೇಳಲಿಲ್ಲ. ಸಿಟ್ಟು ಬರಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಆದರೆ ಆವತ್ತು ಫೋನ್ ಬೂತಿನಿಂದ ಅಂಗಡಿಗೆ ವಾಪಸು ಬಂದು ಗಾದಿಯ ಮೇಲೆ ಕೂತಾಗ ಯಂತ್ರವನ್ನು ಕುತ್ತಿಗೆಗೆ ಎತ್ತಲು ಕೈ ಬರಲಿಲ್ಲ. ಹಬ್ಬದಲ್ಲಿ ಗಿರಾಕಿಗಳು ನನ್ನ ಮಾತು ಕೇಳಿದ್ದೋ, ಪಾಪ ಎಂದು ತಲೆಯಾಡಿಸಿದ್ದೋ ಎಂದು ಅನುಮಾನ ಹತ್ತಿತು. ಒಮ್ಮೆ ಅನುಮಾನ ಹತ್ತಿದ ಮೇಲೆ ಎಲ್ಲರ ಮುಖದಲ್ಲೂ ಅದೇ ಕಾಣುತ್ತದೆ. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಳ್ಳುತ್ತಿದ್ದೆ, ನಿನ್ನತ್ತೆಯ ಸಮಾಧಾನಕ್ಕೆ. ನೀನು ಬಂದ ಭಾನುವಾರ ಮೇಲಿನ ಕೋಣೆಯಲ್ಲೇ ಇದ್ದೆ. ನೀನು ಕಾಫಿ ಕುಡಿದು ಲೋಟ ಇಟ್ಟ ಸದ್ದೂ ಕೇಳಿಸಿತು.

ಅನ್ನ ಬಿಡಬೇಡ. ನಿನ್ನ ತಪ್ಪೆಂದು ನಾನು ಎಂದೂ ಅಂದುಕೊಂಡಿಲ್ಲ.

ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಸೀರೆಯ ಹತ್ತಿರ ಮಾತಾಡುವವನು ಎಂದಿದ್ದೀಯ. ನಿಜ, ಮಾತಾಡುತ್ತಿದ್ದೆ. ಇನ್ನೊಂದು ಸಲ ಮಾಡಿಕೊಡುವುದಾದರೆ ಮಾಡು. ಹಗುರವಾಗಿರಲಿ, ಈ ಬ್ಯಾಟರಿ ಪಂಚೆಯನ್ನು ಕೆಳಗೆ ಜಗ್ಗುತ್ತದೆ. ಶಿವರಾಜನಿಗೆ ನಾನಿನ್ನೂ ಏನೂ ಹೇಳಿಲ್ಲ. ಜವಳಿಯ ದಿನ ನೀನು ಬರಬೇಡ. ನೀನೆದುರಿಗಿದ್ದರೆ ನನಗೆ ಮಾತು ಹೊರಡುವುದಿಲ್ಲ.

ಮಾವ


ಭದ್ರಾವತಿ
9 ನವೆಂಬರ್ 2001

ಮಾವ,

ಇದು ಮೂರನೆಯದು. ಟೀವಿಯ ಸಾಮಾನು ಒಂದೂ ಇಲ್ಲ, ಸಣ್ಣ ಕರೆಂಟಿಗೆಂದೇ ಬರುವ ಚಿಪ್ಪನ್ನು ತರಿಸಿ ಹಾಕಿದ್ದೇನೆ. ಬ್ಯಾಟರಿಗೂ ಡಬ್ಬಿಗೂ ನಡುವೆ ಉದ್ದ ವೈರಿನ ಇನ್ನೊಂದು ಗುಂಡಿ ಇಟ್ಟಿದ್ದೇನೆ, ಅದನ್ನು ಯಂತ್ರದ ಗುಂಡಿಯ ಪಕ್ಕಕ್ಕೆ ಕಟ್ಟಿಕೊಂಡು ಎರಡನ್ನೂ ಒಟ್ಟಿಗೆ ಒತ್ತಿ. ಬೆರಳು ತೆಗೆದರೆ ಡಬ್ಬಿಯೂ ಮಲಗುತ್ತದೆ. ಈ ಸಲ ಆರಿದ ಬಲ್ಬು ಇಟ್ಟೂ ಅಳೆದೆ. ವಾರವಿಟ್ಟರೂ ಬ್ಯಾಟರಿ ಇಳಿಯಲಿಲ್ಲ.

ಬ್ಯಾಟರಿ ನೀವು ಕೇಳಿದಂತೆ ಚಿಕ್ಕದು, ಅಂಗೈಯಲ್ಲಿ ಹಿಡಿಸುತ್ತದೆ. ಅದೂ ಹನ್ನೆರಡು ವೋಲ್ಟಿನದೇ. ನಡುನಡುವೆ ಮಾತಾಡಿದರೆ ರಾತ್ರಿಯವರೆಗೆ ಸಾಕು. ಒಂದೇ ಸಮ ಮಾತಾಡಿದರೆ ನಾನು ಹೊಣೆಯಲ್ಲ.

ಬರುವುದಿಲ್ಲ, ನೀವು ಹೇಳಿದ ಹಾಗೆ. ಆದರೆ ಆವತ್ತು ನನಗೆ ಬೇರೆ ಕೆಲಸ ನಡೆಯುವುದಿಲ್ಲ ಎಂದು ತಿಳಿದಿರಲಿ.

ತನುಜಾ


ಶಿವಮೊಗ್ಗ
26-11-2001

ತನುಜಾ,

ನಿನ್ನೆ ಹೊಳಲೂರಿನವರು ಬಂದಿದ್ದರು. ಒಂದು ವ್ಯಾನಿನ ತುಂಬ ಜನ. ಪುಟ್ಟಯ್ಯ, ಹೆಂಡತಿ ಶಾಂತಮ್ಮ, ಮದುಮಗಳು ಸುಮನಾ, ಅಜ್ಜಿ ನಂಜಮ್ಮ, ಮಕ್ಕಳು ಮರಿ. ಶಿವರಾಜ ಹೊಸ ಅಂಗಿ ಹಾಕಿಕೊಂಡು ಬರುವ ಮುಂಚೆಯೇ ನಾನು ಹೋಗಿ ಗಾದಿಯ ಮೇಲೆ ಕೂತಿದ್ದೆ. ಅವನು ನೋಡಿದ, ಕಂಬಕ್ಕೆ ಒರಗಿ ನಿಂತ.

ಎಲ್ಲರೂ ಕೂತರು. ಯಂತ್ರ ಒತ್ತಿ, ‘ಬನ್ನಿ, ದಾರಿ ಸಲೀಸಾಯಿತಾ’ ಎಂದೆ. ಸಣ್ಣ ಮಕ್ಕಳು ತಾಯಂದಿರ ಸೆರಗಿನ ಹಿಂದೆ ಸೇರಿಕೊಂಡವು. ಪುಟ್ಟಯ್ಯ ನೆಲ ನೋಡಿದ. ನಂಜಮ್ಮನಿಗೆ ಕಣ್ಣು ಮಂಜು, ಯಾರು ಮಾತಾಡಿದ್ದು ಎಂದು ಕೇಳಿದರು. ಶಾಂತಮ್ಮ ಕಿವಿಯಲ್ಲಿ ಹೇಳಿದಳು. ‘ಷಣ್ಮುಖಪ್ಪನಾ? ಸರಿ ಮತ್ತೆ, ಸುಮ್ನೆ ಯಾಕ್ ಕೂತಿದೀಯ, ಸೀರೆ ತೆಗಿ’ ಎಂದರು ಅಜ್ಜಿ. ಅಷ್ಟೇ ತನುಜಾ. ಅಷ್ಟು ಸಾಕಾಯಿತು.

ಆಮೇಲೆ ನಾನು ನಿಲ್ಲಿಸಲಿಲ್ಲ. ಅತ್ತೆಗೆ ಕೊಡುವ ಸೀರೆ, ಸೋದರತ್ತೆಯ ಸೀರೆ, ಎಲ್ಲ ಮುಗಿದು ಮಧ್ಯಾಹ್ನ ದಾಟಿ ಧಾರೆ ಸೀರೆಗೆ ಬಂದೆವು. ಹುಡುಗಿ ಕುಂಕುಮ ಬಣ್ಣ ಅನ್ನುತ್ತಾಳೆ, ತಾಯಿ ಹಸಿರು ಅನ್ನುತ್ತಾಳೆ, ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟಾಯಿತು. ಇಬ್ಬರಿಗೂ ಒಪ್ಪುವ ಸೀರೆ ಯಾವುದೆಂದು ನನಗೆ ಗೊತ್ತಿತ್ತು. ಅದನ್ನು ಹೇಳುತ್ತ ಹೇಳುತ್ತ ದನಿ ಸಣ್ಣಗಾಗಿ ನಿಂತೇಹೋಯಿತು. ನಿನ್ನ ಅಂಗೈ ಬ್ಯಾಟರಿ ಕೈಕೊಟ್ಟಿತು. ನಾನು ಬಾಯಿ ಆಡಿಸುತ್ತಿದ್ದೇನೆ, ಸದ್ದಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

ಇನ್ನು ಮುಗಿಯಿತು ಎಂದುಕೊಂಡೆ. ಶಿವರಾಜ ಬಂದು ಕೂರಲಿ ಎಂದು ಗಾದಿಯಲ್ಲಿ ಸರಿದು ಜಾಗ ಬಿಟ್ಟೆ. ಅವನು ಸರಸರನೆ ಹೊರಗೆ ಹೋದ. ನನ್ನ ಅವಮಾನ ನೋಡಲಾರದೆ ಹೋದ ಅನ್ನಿಸಿತು. ಸ್ವಲ್ಪ ಹೊತ್ತಿಗೆ ವಾಪಸು ಬಂದ. ಹೊಸ ಅಂಗಿಯ ತುಂಬ ಗ್ರೀಸು, ಕೈಯಲ್ಲಿ ಅವನ ಸ್ಕೂಟರಿನ ಬ್ಯಾಟರಿ. ಆ ಸ್ಕೂಟರನ್ನು ಅವನು ಮಕ್ಕಳಿಗೂ ಮುಟ್ಟಲು ಬಿಡುವುದಿಲ್ಲ.

‘ಅಣ್ಣ, ಇದೂ ಹನ್ನೆರಡೇ. ವೈರ್ ಹಿಡಿ, ಮಾತು ಮುಗಿಸು’ ಎಂದ.

ಕೆಂಪು ಕೆಂಪಿಗೆ ಎಂದು ನೀನು ಬರೆದದ್ದನ್ನು ನಾನು ಅವನಿಗೆ ಬೆರಳಲ್ಲಿ ತೋರಿಸಿದೆ. ವೈರು ಜಾರದ ಹಾಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ನನ್ನ ಪಕ್ಕದಲ್ಲೇ ಕೂತ. ಧಾರೆ ಸೀರೆ ಮಡಚಿ ಅರಿಶಿನ ಕುಂಕುಮದ ಜೊತೆ ಸುಮನಾಳ ಮಡಿಲಿಗೆ ಇಡುವವರೆಗೆ ಅವನು ಕೈ ಅಲುಗಿಸಲಿಲ್ಲ. ಸೀರೆ ಯಾವುದೆಂದು ಕೇಳಬೇಡ, ಕುಂಕುಮ ಬಣ್ಣಕ್ಕೆ ಹಸಿರು ಅಂಚು.

ಬ್ಯಾಟರಿ ಚಿಕ್ಕದಾಯಿತು ಮಾರಾಯ್ತಿ. ಭಾರವಿದ್ದರೂ ಚಿಂತೆಯಿಲ್ಲ, ದೊಡ್ಡದೇ ತಾ. ಶಿವರಾಜ ರಾತ್ರಿ ಏನೋ ಹೇಳಿದ, ನಾನೂ ಅವನಿಗೆ ಒಂದು ಮಾತು ಹೇಳಿದೆ. ಇಬ್ಬರೂ ಹೀಗೆ ಕೂತು ಮಾತಾಡಿ ವರ್ಷಗಳಾಗಿದ್ದವು. ಏನು ಮಾತು ಎಂದು ಇಲ್ಲಿ ಬರೆಯುವುದಿಲ್ಲ. ಭಾನುವಾರ ಬಾ. ಬಾಯಲ್ಲೇ ಹೇಳುತ್ತೇನೆ.

ನಿನ್ನ ಮಾವ